ಎತ್ತಿಗೊಂದು ಸೋಮವಾರ

ತಮ್ಮಾ, ಯವ್ವಾ, ಇದನ್ನು ಇಬ್ಬರೂ ಕೂಡಿಯೇ ಓದಿ. ಒಬ್ಬರು ಓದಿ ಇನ್ನೊಬ್ಬರಿಗೆ ಹೇಳುವುದು ಬೇಡ.

ಹೋದ ತಿಂಗಳು ಬೆಟಗೇರಿಗೆ ಬಂದು ಒಂದು ವಾರ ಇದ್ದೆನಲ್ಲ, ಫ್ರಿಜ್ಜಿನ ಬಾಗಿಲಿಗೆ ನೀವು ಅಂಟಿಸಿದ್ದ ಹಾಳೆಯನ್ನು ದಿನಾ ನೋಡುತ್ತಿದ್ದೆ. ಏಳು ಮನೆ ಗೆರೆ ಹೊಡೆದು, ಯಾವ ದಿನ ಯಾವ ಪಲ್ಯ, ಟ್ಯೂಷನ್ ಎಷ್ಟಕ್ಕೆ, ಅರಿವೆ ಒಗೆಯುವುದು ಯಾವಾಗ ಅಂತ ಚೆಂದಾಗಿ ಬರೆದಿದ್ದಿರಿ. ಬುಧವಾರ ನಸುಕಿನಲ್ಲಿ ಓಣಿಯಲ್ಲಿ ಯಾರೋ "ನೀರು ಬಂತು" ಅಂತ ಕೂಗಿದರು. ಅಲ್ಲಿಗೆ ಆ ಹಾಳೆಯ ಕತೆ ಮುಗಿಯಿತು. ಯವ್ವಾ, ನೀನು ಪೈಪು ಹಿಡಿದು ಟಾಕಿ, ಬ್ಯಾರಲ್ಲು, ಕೊಡ, ಕಡೆಗೆ ಪಾತೇಲಿಯನ್ನೂ ತುಂಬಿಸುತ್ತ ನಿಂತೆ. ರೊಟ್ಟಿ ಆಗಲಿಲ್ಲ, ಲಕ್ಷ್ಮೇಶ್ವರದ ಬಸ್ಸು ತಪ್ಪಿತು, ಶಾಲೆಗೆ ಅರ್ಧ ದಿನ ರಜೆ ಹಾಕಿದೆ. ಸಂಜೆ ನೀನು ಆ ಹಾಳೆಯ ಮುಂದೆ ನಿಂತು "ನನಗ ಟೈಮ್ ಹೊಂದಿಸಾಕ ಬರಂಗಿಲ್ಲಮ್ಮಾ" ಅಂದೆ. ಆ ಮಾತು ಇನ್ನೂ ನನ್ನ ಎದೆಯಲ್ಲಿ ಕೂತಿದೆ. ನಿನಗೆ ಬರುವುದಿಲ್ಲ ಅನ್ನುವುದು ಸುಳ್ಳು. ಆ ಹಾಳೆ ದಿನಾ ನೀರು ಬರುವ ಊರಿನದು.

ತುಂಗಭದ್ರೆಯ ನೀರು ನಮ್ಮ ಮುಂಡರಗಿ ತಾಲೂಕಿನ ಹಮ್ಮಿಗಿಯಿಂದ ನಿಮ್ಮ ಗದಗ-ಬೆಟಗೇರಿ ಅವಳಿ ಊರಿಗೆ ಬರುತ್ತದೆ, ಆದರೆ ದಿನಾ ಬರುವುದಿಲ್ಲ. ಹಾಗಾಗಿ ವಾರದ ಹಾಳೆಯಲ್ಲಿ ಪಲ್ಯಕ್ಕಿಂತ ಮೊದಲು ನೀರು ಬರೆಯಿರಿ. ಯಾವ ದಿನ ಅಂತ ಗೊತ್ತಾಗದಿದ್ದರೆ, ನೀರು ಬಂದಾಗ ಯಾರು ಏನು ಮಾಡುವುದು ಅಂತಾದರೂ ಬರೆಯಿರಿ. ತಮ್ಮಾ, ಪೈಪು ನಿನ್ನದು. ರೈಲು ಹಿಡಿಯುವ ಹೊತ್ತಾಗುವವರೆಗೆ ನೀನೇ ನಿಲ್ಲು. ಆ ದಿನ ಒಲೆ ಹಚ್ಚುವುದು ಬೇಡ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಒಂದು ಉಳ್ಳಾಗಡ್ಡಿ ಡಬ್ಬಿಗೆ ಬೀಳಲಿ. ಮಕ್ಕಳು ಕುಣಿದುಕೊಂಡು ತಿನ್ನುತ್ತಾರೆ.

ಇದು ಸಣ್ಣ ಮಾತು. ನನ್ನನ್ನು ಬರೆಯಲು ಕೂಡಿಸಿದ್ದು ಬೇರೆ.

ಕಪ್ಪತಗುಡ್ಡದ ಮಗ್ಗುಲಿನ ನನ್ನ ತವರಿನಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಅದು ಬಸವಣ್ಣನ ವಾರ. ಹಿಂಗಾರಿ ಬಿತ್ತಿಗೆಗೆ ಹದ ಬಂದು ನಿಂತಿರಲಿ, ಅಕ್ಕಪಕ್ಕದವರು ಆಗಲೇ ಬಿತ್ತಿ ಮುಗಿಸಿರಲಿ, ಅಪ್ಪ ಹೂಡುತ್ತಿರಲಿಲ್ಲ. ಎತ್ತಿನ ಮೈ ತೊಳೆದು, ಕೊರಳು ಸವರಿ, "ಮೂಕ ಜೀವ, ಅದಕ್ಕೂ ಒಂದು ದಿನ ಬೇಕಲ್ಲ" ಅನ್ನುತ್ತಿದ್ದ. ಒಳ್ಳೆಯ ಮನುಷ್ಯ. ಆ ಎತ್ತು ತೊಳೆಯುವ ನೀರನ್ನು ಬಾವಿಯಿಂದ ಹೊತ್ತು ತರುತ್ತಿದ್ದವಳು ಅವ್ವ. ಸೋಮವಾರವೂ ಅವಳೇ ಸಗಣಿ ಬಳಿದು, ರೊಟ್ಟಿ ಬಡಿದು, ರಾತ್ರಿ ಎಲ್ಲರೂ ಉಂಡ ಮೇಲೆ ಉಣ್ಣುತ್ತಿದ್ದಳು. ಅವಳಿಗೆ ಯಾವ ವಾರ ಅಂತ ನಾನು ಅಪ್ಪನನ್ನು ಒಮ್ಮೆಯೂ ಕೇಳಲಿಲ್ಲ. ಅಕ್ಕೋರಾಗಿ ಸಾವಿರಾರು ಮಕ್ಕಳಿಗೆ ಲೆಕ್ಕ ಕಲಿಸಿದೆ, ಈ ಲೆಕ್ಕ ಮಾತ್ರ ಹಾಕಲಿಲ್ಲ.

ಈಗ ಸರ್ಕಾರದವರೇ ಹಾಕಿದ್ದಾರೆ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಚ್ಚುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಕೈಯನ್ನೇ ಹಚ್ಚದವರು ಈ ಸರಾಸರಿಯೊಳಗೆ ಇಲ್ಲ. ದಿನಕ್ಕೆ 201 ನಿಮಿಷದ ಅಂತರ. ಏಳರಿಂದ ಗುಣಿಸಿ ನೋಡಿ: ವಾರಕ್ಕೆ 23 ತಾಸು ದಾಟುತ್ತದೆ. ಹೆಚ್ಚುಕಡಿಮೆ ಪೂರಾ ಒಂದು ದಿನ. ಅವ್ವನ ಸೋಮವಾರ ಎಲ್ಲಿ ಹೋಗಿತ್ತು ಅಂತ ನನಗೆ ಈ ಮುಪ್ಪಿನಲ್ಲಿ ಗೊತ್ತಾಯಿತು.

ತಮ್ಮಾ, ನಿನ್ನ ದಣಿವು ಸುಳ್ಳು ಅಂತ ನಾನು ಹೇಳುತ್ತಿಲ್ಲ. ದಿನಾ ಹುಬ್ಬಳ್ಳಿಗೆ ಹೋಗಿ ಬರುವುದೆಂದರೆ ಹತ್ತಿರಹತ್ತಿರ 120 ಕಿಲೋಮೀಟರ್. ಆದರೂ ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ನಿನ್ನ ಕೆಲಸ ಮುಗಿಯುತ್ತದೆ, ನಿನ್ನ ಹೆಂಡತಿಯದು ಶುರುವಾಗುತ್ತದೆ. ನಿಮ್ಮಪ್ಪನಿಗೆ ಕುಡಿದ ಚಹಾದ ಕಪ್ಪು ತೊಳೆಯುವುದನ್ನೂ ನಾನು ಕಲಿಸಲಿಲ್ಲ, ಅವನು ನಿನಗೆ ಕಲಿಸಲಿಲ್ಲ. ಅದರ ಬೇರು ನನ್ನಲ್ಲೇ ಇದೆ, ಒಪ್ಪಿಕೊಳ್ಳುತ್ತೇನೆ.

ಆದ್ದರಿಂದ ಹೊಸ ಹಾಳೆ ತೆಗೆದು ಮೊಟ್ಟಮೊದಲು ಅವಳ ಬಿಡುವು ಬರೆಯಿರಿ. ಉಳಿದದ್ದು ಅದರ ಸುತ್ತ ಕೂಡಲಿ. ಶಾಲೆ ಇರುವುದರಿಂದ ಸೋಮವಾರ ಆಗಲಿಕ್ಕಿಲ್ಲ. ರವಿವಾರ ಅಂದರೆ ವಾರದ ಅರಿವೆ, ವಾರದ ಹಿಟ್ಟು, ಬೀಗರು ಎಲ್ಲ ಅವತ್ತೇ ಅವಳ ಮೇಲೆ ಬೀಳುತ್ತವೆ. ಅರಿವೆ ಶನಿವಾರ ಸಂಜೆಗೆ ಹೋಗಲಿ. ರವಿವಾರ ಮಧ್ಯಾಹ್ನದಿಂದ ರಾತ್ರಿವರೆಗೆ ಅಡುಗೆಮನೆ ನಿನ್ನದು ಮತ್ತು ಮಕ್ಕಳದು, ಮಗಳಿಗೆ ಎಷ್ಟೋ ಮಗನಿಗೂ ಅಷ್ಟೇ. ಹೆಸರುಕಾಳು, ಮಡಿಕೆಕಾಳು ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಎರಡು ದಿನದ ಪಲ್ಯದ ಚಿಂತೆ ಇಲ್ಲ. ಅದಕ್ಕೆ ಯಾವ ವಿದ್ಯೆಯೂ ಬೇಕಿಲ್ಲ.

ರೊಟ್ಟಿಯ ಮಾತು ಬಿಡುವಂತಿಲ್ಲ. ದಿನಾ ಬಿಸಿ ರೊಟ್ಟಿ ಬಡಿಯದಿದ್ದರೆ ಸೊಸೆತನಕ್ಕೆ ಕುಂದು ಅಂತ ನಮ್ಮ ಕಡೆ ಒಂದು ಹಟ ಇದೆ. ನಾನೂ ಆ ಹಟ ಹಿಡಿದವಳೇ. ಯವ್ವಾ, ಬಿಡು ಅದನ್ನು. ಚೆನ್ನಾಗಿ ಒಣಗಿಸಿದ ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಕಪ್ಪತಗುಡ್ಡ ದಾಟಿ ಹೊಲಕ್ಕೆ ಹೋಗುತ್ತಿದ್ದವರ ಬುತ್ತಿಯೂ ಅದೇ. ಬಡಿದು ಮಾರುವ ಹೆಣ್ಣುಮಕ್ಕಳು ನಿಮ್ಮೂರಲ್ಲೇ ಇದ್ದಾರೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ನಿನಗೆ ಟಿಕೆಟ್ ದುಡ್ಡಿಲ್ಲ. ಲಕ್ಷ್ಮೇಶ್ವರಕ್ಕೆ ಹೋಗಿಬರುವ ಆ ದುಡ್ಡನ್ನು ಬೇರೆ ಡಬ್ಬಿಯಲ್ಲಿಟ್ಟು ವಾರಕ್ಕೆ ಮೂರು ದಿನದ ರೊಟ್ಟಿ ಕೊಂಡುಕೋ. ಇನ್ನೊಬ್ಬ ಹೆಣ್ಣುಮಗಳ ಒಲೆಯೂ ಉರಿಯುತ್ತದೆ, ನಿನಗೆ ಬೆಳಗಿನ ಒಂದು ತಾಸು ಉಳಿಯುತ್ತದೆ. ಆ ತಾಸಿನಲ್ಲಿ ಇನ್ನೊಂದು ಕೆಲಸ ತುರುಕಬೇಡ. ಮಲಗು.

ಓಣಿಯವರನ್ನೂ ಸೇರಿಸಿಕೊಳ್ಳಿ. ನಿಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಒಬ್ಬ ರೈತನಿಂದ ಆಗದ್ದು ಹತ್ತು ಜನ ಕೂಡಿದರೆ ಆಗುತ್ತದೆ ಅಂತ ಅಷ್ಟು ಹಿಂದೆಯೇ ಮಾಡಿ ತೋರಿಸಿದ ಊರು ಅದು. ನಿಮ್ಮ ಓಣಿಯಲ್ಲೂ ನಾಲ್ಕು ಮನೆಯವರು ಪಾಳಿ ಹಚ್ಚಿಕೊಂಡರೆ ನಾಲ್ಕೂ ಮನೆಯ ಮಕ್ಕಳು ಶಾಲೆ ಮುಟ್ಟುತ್ತಾರೆ, ಸಂತೆಯ ಕಾಯಿಪಲ್ಯೆ ಒಬ್ಬರದೇ ತಲೆನೋವಾಗುವುದಿಲ್ಲ.

ಇನ್ನು ಮಕ್ಕಳ ಟ್ಯೂಷನ್, ಸಂಗೀತ, ಕರಾಟೆ, ಅಬಾಕಸ್. ಗಂಡ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕತೆಯನ್ನು ನಿನಗೆ ತೊಡೆಯ ಮೇಲೆ ಕೂಡಿಸಿಕೊಂಡು ಹೇಳಿದ್ದೆ, ನೆನಪಿದೆಯೇ ತಮ್ಮಾ? ನಾಲ್ಕರಲ್ಲಿ ಎರಡು ಹಿಂದಕ್ಕೆ ಕಳಿಸಿ. ಯಾವ ಎರಡು ಅಂತ ಮಕ್ಕಳನ್ನೇ ಕೇಳಿ. ಉಳಿದ ಸಂಜೆ ಭೀಷ್ಮ ಕೆರೆಯ ದಂಡೆಯಲ್ಲಿ ಸುಮ್ಮನೆ ಅಡ್ಡಾಡಿ ಬನ್ನಿ. ಚಳಿಗಾಲದಲ್ಲಿ ಒಂದು ದಿನ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋಗಿ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿದಿರುತ್ತವೆ. ನಾನು ಇನ್ನೂ ನೋಡಿಲ್ಲ, ನನ್ನನ್ನೂ ಕರೆದುಕೊಂಡು ಹೋಗಿ.

ಬರುವ ರವಿವಾರ ಮುಂಜಾನೆಯ ಬಸ್ಸಿಗೆ ಹೊರಡುತ್ತೇನೆ. ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಎರಡೂ ಕುಟ್ಟಿಟ್ಟಿದ್ದೇನೆ. ತಮ್ಮಾ, ಬಸ್ ಸ್ಟ್ಯಾಂಡಿಗೆ ಕರೆಯಲು ಬರಬೇಡ, ಆಟೋ ಹಿಡಿದು ಬರುತ್ತೇನೆ. ನೀನು ಮೆಂತ್ಯೆ ಸೋಸಿಡು.