ಶ್ವಾನಗಳ ರಕ್ತ ಪರಾವಲಂಬಿಗಳು ಮತ್ತು ರಕ್ತಹೀನತೆ: ಕಿರು ಟಿಪ್ಪಣಿ

ವಾಹಕ: ಕಂದು ನಾಯಿ ಉಣ್ಣೆ (ರಿಪಿಸೆಫಾಲಸ್ ಸ್ಯಾಂಗ್ವಿನಿಯಸ್). ಇದು ಕೀಟವಲ್ಲ, ಅಷ್ಟಪಾದಿ. ಗೋಡೆಯ ಬಿರುಕಿನಲ್ಲೂ ಬದುಕುವುದರಿಂದ ನಗರ ಬಡಾವಣೆಗಳ ಸಾಕುನಾಯಿ, ಬೀದಿನಾಯಿ ಎರಡಕ್ಕೂ ಅಪಾಯ.

ಪ್ರಮುಖ ರೋಗಕಾರಕಗಳು
• ಬೇಬಿಸಿಯಾ: ಏಕಕೋಶ ಜೀವಿ (ಪ್ರೋಟೊಜೋವಾ). ಕೆಂಪು ರಕ್ತಕಣದೊಳಗೆ ವಿಭಜನೆಯಾಗಿ ಅದನ್ನು ಒಡೆಯುತ್ತದೆ. ಬೇಬಿಸಿಯಾ ಗಿಬ್ಸೋನಿಯನ್ನು 1910ರಲ್ಲಿ ಭಾರತದಲ್ಲೇ ಪ್ಯಾಟನ್ ಮೊದಲು ವಿವರಿಸಿದರು.
• ಎರ್ಲಿಕಿಯಾ ಕ್ಯಾನಿಸ್: ಬ್ಯಾಕ್ಟೀರಿಯಾ. ಬಿಳಿ ರಕ್ತಕಣಗಳಲ್ಲಿ ವಾಸ. ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಕುಸಿದು ರಕ್ತಸ್ರಾವ. ದೀರ್ಘಕಾಲ ಉಳಿದರೆ ಅಸ್ಥಿಮಜ್ಜೆ ಸೊರಗುತ್ತದೆ.
• ಹೆಪಟೊಜೂನ್ ಕ್ಯಾನಿಸ್: ಪ್ರೋಟೊಜೋವಾ. ಉಣ್ಣೆ ಕಚ್ಚುವುದರಿಂದಲ್ಲ, ನಾಯಿ ಉಣ್ಣೆಯನ್ನು ನುಂಗುವುದರಿಂದ ಹರಡುತ್ತದೆ.

ರಕ್ತಹೀನತೆಯ ಮೂರು ದಾರಿಗಳು
1. ರಕ್ತಕಣಗಳ ನಾಶ: ಪರಾವಲಂಬಿಯ ಜೊತೆಗೆ ನಾಯಿಯ ರೋಗನಿರೋಧಕ ವ್ಯವಸ್ಥೆಯೂ ಸ್ವಂತ ಕಣಗಳ ಮೇಲೆರಗುತ್ತದೆ, ಗುಲ್ಮ ಊದಿಕೊಳ್ಳುತ್ತದೆ.
2. ರಕ್ತನಷ್ಟ.
3. ಉತ್ಪಾದನೆಯ ಕುಸಿತ.

ಲಕ್ಷಣಗಳು: ಬಿಳಿಚಿದ ವಸಡು, ಜ್ವರ, ಸುಸ್ತು, ಬೇಬಿಸಿಯಾದಲ್ಲಿ ಕಾಫಿ ಬಣ್ಣದ ಮೂತ್ರವೂ ಕಾಣಬಹುದು.

ಪತ್ತೆ: ರಕ್ತಲೇಪ ಪರೀಕ್ಷೆ, ಪಿಸಿಆರ್.

ಚಿಕಿತ್ಸೆ: ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್, ಬೇಬಿಸಿಯಾ ಗಿಬ್ಸೋನಿಗೆ ಅಟೊವಾಕೋನ್ ಮತ್ತು ಅಜಿಥ್ರೊಮೈಸಿನ್, ತೀವ್ರವಾದರೆ ರಕ್ತಪೂರಣ.

ಗೊಂದಲ ಬೇಡ: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯೂ ಉಣ್ಣೆಯಿಂದಲೇ ಬರುತ್ತದೆ. ಆದರೆ ಅದರ ಕಾರಣ ವೈರಸ್. ಮುಖ್ಯ ವಾಹಕ ಹಿಮಾಫೈಸಾಲಿಸ್ ಸ್ಪಿನಿಜೆರಾ.

ಮಾದರಿ ಪ್ರಶ್ನೆ: ಇವುಗಳಲ್ಲಿ ಪ್ರೋಟೊಜೋವಾ ಅಲ್ಲದ್ದು ಯಾವುದು?
(ಎ) ಬೇಬಿಸಿಯಾ (ಬಿ) ಹೆಪಟೊಜೂನ್ (ಸಿ) ಎರ್ಲಿಕಿಯಾ (ಡಿ) ಟ್ರಿಪನೊಸೋಮಾ
ಉತ್ತರ: (ಸಿ)