ಮನಸ್ಸಿನ ಕಾಯಿಲೆಗೆ ಫೋನಿನಲ್ಲಿ ಚಿಕಿತ್ಸೆ



ಕಳೆದ ಸಲದ ಗೋಡೆ ಪತ್ರಿಕೆಯಲ್ಲಿ ಡೆಂಗ್ಯೂ ಜ್ವರದ ಬಗ್ಗೆ ಬಂದಿತ್ತು. ಈ ಸಲ ಆರೋಗ್ಯದ ಪಾಠ ನೀನು ಬರಿ ಎಂದು ವಿಜ್ಞಾನದ ಮೇಷ್ಟ್ರು ಹೇಳಿದರು. ನಾನು ಮನಸ್ಸಿನ ಆರೋಗ್ಯದ ಬಗ್ಗೆ ಬರೆಯುತ್ತೇನೆ ಅಂದೆ. ಇದರಲ್ಲಿ ನಮ್ಮ ಮನೆಯ ವಿಷಯವೂ ಇದೆ. ಅಪ್ಪನನ್ನು ಕೇಳಿಯೇ ಬರೆದಿದ್ದೇನೆ. ಮೊದಲು ಬೇಡ ಅಂದರು. ಎರಡು ದಿನ ಬಿಟ್ಟು "ಬರ್ಕೊ, ನನ್ನ ಹೆಸರು ಹಾಕ್ಬೇಡ" ಅಂದರು. ಕೆಳಗೆ ನನ್ನ ಹೆಸರಿದ್ದರೆ ಅಪ್ಪ ಯಾರು ಅಂತ ಊರಿಗೇ ಗೊತ್ತಾಗುತ್ತದೆ. ಆದ್ದರಿಂದ ನನ್ನ ಹೆಸರೂ ಹಾಕಿಲ್ಲ. ಅಕ್ಷರ ನೋಡಿ ಕಂಡುಹಿಡಿದವರು ದಯವಿಟ್ಟು ಸುಮ್ಮನಿರಿ.

ನಮ್ಮ ಕಡೆ ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಅದು ಒಣಗಿ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಅಷ್ಟೂ ದಿನ ಮನೆಯವರ ಮನಸ್ಸು ಅಟ್ಟದ ಮೇಲೇ ಇರುತ್ತದೆ ಎಂದು ಅಜ್ಜಿ ಹೇಳುತ್ತಾರೆ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ 8,000–9,000 ರೂಪಾಯಿಗೆ ಇಳಿದುಬಿಟ್ಟಿತು. ಆ ವರ್ಷ ಸರ್ಕಾರದ ಬೆಂಬಲ ಬೆಲೆಯೇ 11,750 ರೂ. ಇತ್ತು. ಅಪ್ಪ ಸಾಲ ಕಟ್ಟಬೇಕೆಂದು ಸಿಕ್ಕಿದ ರೇಟಿಗೆ ಎಲ್ಲವನ್ನೂ ಕೊಟ್ಟರು. ಆಮೇಲೆ ಕಪ್ಪುತಲೆ ಹುಳು ಬಿದ್ದು ಗರಿಗಳೆಲ್ಲ ಸುಟ್ಟ ಹಾಗಾದವು, ಕಾಯಿ ಕಮ್ಮಿಯಾಯಿತು. 2025ರಲ್ಲಿ ಬೆಲೆ 20,000 ದಾಟಿದಾಗ ನಮ್ಮ ಅಟ್ಟದಲ್ಲಿ ಇಲಿ ಬಿಟ್ಟರೆ ಏನೂ ಇರಲಿಲ್ಲ.

ಬೆಲೆ ಬಿದ್ದಾಗ ಅಪ್ಪ ಬೈಯುತ್ತಿದ್ದರು, ಕೂಗಾಡುತ್ತಿದ್ದರು. ಬೆಲೆ ಏರಿದಾಗ ಮಾತೇ ನಿಲ್ಲಿಸಿದರು. ರಾತ್ರಿ ಎರಡು ಗಂಟೆಗೆ ಎದ್ದು ಜಗಲಿ ಮೇಲೆ ಕೂತಿರೋರು. ಅಮ್ಮನಿಗೆ ದಿನಾ ತಲೆನೋವು. ನನ್ನ ತಮ್ಮನಿಗೆ ಸ್ಕೂಲಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ನಾವು ಕಳ್ಳಾಟ ಅಂದುಕೊಂಡು ಅವನಿಗೆ ಎರಡು ಏಟನ್ನೂ ಕೊಟ್ಟೆವು. ಅದು ಕಳ್ಳಾಟ ಅಲ್ಲ ಎಂದು ಮೇಷ್ಟ್ರು ವಿವರಿಸಿದ್ದು ಹೀಗೆ: ನಾಯಿ ಅಟ್ಟಿಸಿಕೊಂಡು ಬಂದರೆ ನಮ್ಮ ಎದೆ ಹೊಡೆದುಕೊಳ್ಳುತ್ತದೆ, ಬೆವರುತ್ತದೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ರಸ ಬಿಟ್ಟು ಓಡು ಎಂದು ಹೇಳುತ್ತವೆ. ನಾಯಿ ಹೋದ ಮೇಲೆ ಸರಿಹೋಗುತ್ತದೆ. ಆದರೆ ಸಾಲ, ಜಗಳ, ಚಿಂತೆ ಎಂಬ ನಾಯಿ ತಿಂಗಳಾನುಗಟ್ಟಲೆ ಬಾಗಿಲಲ್ಲೇ ಮಲಗಿದರೆ ದೇಹಕ್ಕೆ ಬಿಡುವೇ ಇಲ್ಲ. ಆಗ ನಿದ್ದೆ ಕೆಡುತ್ತದೆ, ತಲೆ ಹೊಟ್ಟೆ ನೋಯುತ್ತದೆ, ಸಣ್ಣದಕ್ಕೂ ಸಿಟ್ಟು ಬರುತ್ತದೆ. ಒಬ್ಬರಿಗೆ ಬಂದದ್ದು ಮನೆಯವರಿಗೆಲ್ಲಾ ತಟ್ಟುತ್ತದೆ.

ಅಜ್ಜಿ ದೇವರಲ್ಲಿ ಹೂ ಕೇಳಿಸಿದರು. ಬಲಗಡೆ ಹೂ ಆಯಿತು. ಅಜ್ಜಿಗೆ ಧೈರ್ಯ ಬಂತು, ಅಪ್ಪನಿಗೆ ನಿದ್ದೆ ಬರಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದರೆ "ನನಗೇನು ಹುಚ್ಚಾ?" ಅಂದರು. ಬಸ್ಸಿನಲ್ಲಿ ಯಾರಾದರೂ ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ ಏನು ಹೇಳುವುದು ಎಂಬುದೇ ಅವರ ದೊಡ್ಡ ಚಿಂತೆ.

ಅಜ್ಜಿಯ ಬಿ.ಪಿ. ಮಾತ್ರೆ ಚೀಟಿಯ ಹಿಂದೆ ಆಶಾ ಅಕ್ಕ ಒಂದು ನಂಬರು ಬರೆದುಕೊಟ್ಟರು: 14416. ಇದು "ಟೆಲಿ ಮನಸ್". 2022ರ ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನದಂದು ಭಾರತ ಸರ್ಕಾರ ಶುರು ಮಾಡಿತು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇದಕ್ಕೆ ದೇಶಕ್ಕೆಲ್ಲಾ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. 1974ರಲ್ಲಿ ಅಲ್ಲಿದ್ದ ಮಾನಸಿಕ ಆಸ್ಪತ್ರೆಯನ್ನೂ ಒಂದು ಶಿಕ್ಷಣ ಸಂಸ್ಥೆಯನ್ನೂ ಸೇರಿಸಿ ನಿಮ್ಹಾನ್ಸ್ ಮಾಡಿದರು. ಊರಿನ ಜನ ಬೆಂಗಳೂರಿಗೆ ಬರಲಾರರು, ಚಿಕಿತ್ಸೆಯೇ ಊರಿಗೆ ಹೋಗಬೇಕು ಎಂದು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ಮಾಡಿದ್ದೂ ಅವರೇ. ಅದನ್ನು ನೋಡಿ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ತಿಪಟೂರಿನಿಂದ ನಿಮ್ಹಾನ್ಸ್‌ಗೆ ಸುಮಾರು 140 ಕಿ.ಮೀ. ಫೋನಿಗೆ ಆ ದೂರ ಇಲ್ಲ.

ಮೊದಲು ಫೋನ್ ಮಾಡಿದ್ದು ಅಮ್ಮ. ಅಪ್ಪನ ಬಗ್ಗೆ ಹೇಳೋಣ ಅಂತ ಮಾಡಿದ್ದು. ಭಾಷೆ ಆರಿಸಿಕೊಳ್ಳಿ ಎಂದು ಧ್ವನಿ ಬಂತು, ಆಮೇಲೆ ಒಬ್ಬ ಆಪ್ತಸಮಾಲೋಚಕಿ ಮಾತಾಡಿದರು. ಆಪ್ತಸಮಾಲೋಚಕಿ ಎಂದರೆ ಮನಸ್ಸಿನ ಕಷ್ಟ ಕೇಳಿ ದಾರಿ ಹೇಳಲು ತರಬೇತಿ ಪಡೆದವರು. ಅವರು ಎಲ್ಲ ಕೇಳಿಸಿಕೊಂಡು "ಅಮ್ಮಾ, ನೀವು ಸರಿಯಾಗಿ ನಿದ್ದೆ ಮಾಡ್ತಿದ್ದೀರಾ?" ಅಂದರಂತೆ. ಅಮ್ಮ ಅಲ್ಲಿಯೇ ಅತ್ತರು. ಮದುವೆಯಾದಾಗಿನಿಂದ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವಂತೆ. ಆಗ ನನಗೂ ನಾಚಿಕೆಯಾಯಿತು. ನಾನೂ ಕೇಳಿರಲಿಲ್ಲ.

ಒಂದು ರಾತ್ರಿ ಅಪ್ಪ "ನಾನಿದ್ದೂ ಏನು ಉಪಯೋಗ" ಅಂದದ್ದು ನನಗೆ ಕೇಳಿಸಿತ್ತು. ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ. ಅವತ್ತು ಅಮ್ಮನಿಗೆ ಹೇಳಿದೆ, ಅಮ್ಮ ಫೋನಿನಲ್ಲಿ ಹೇಳಿದರು. ಅಂಥ ಮಾತು ಬಂದರೆ ಮುಚ್ಚಿಡಬಾರದು, ಅವರನ್ನು ಒಬ್ಬರನ್ನೇ ಬಿಡಬೇಡಿ, ಔಷಧಿ ಹೊಡೆಯುವ ಡಬ್ಬಗಳನ್ನು ಬೇರೆ ಕಡೆ ಬೀಗ ಹಾಕಿಡಿ, ನೇರವಾಗಿ ಕೇಳಿ ಎಂದು ಅವರು ಹೇಳಿಕೊಟ್ಟರು. ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲವಂತೆ. ಅಮ್ಮ ಅವತ್ತೇ ಕೇಳಿದರು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು "ನಂಬರ್ ಕೊಡು" ಅಂದರು.

ಮನೆಯಲ್ಲಿ ಮಾತಾಡಲು ಎಲ್ಲಿ ಜಾಗವಿದೆ? ಅಪ್ಪ ತೋಟಕ್ಕೆ ಹೋಗಿ ಮೋಟರ್ ಮನೆ ಪಕ್ಕದ ಮರಕ್ಕೆ ಒರಗಿ ಕೂತು ಮಾತಾಡಿದರು. ಅಮ್ಮನೂ ನಾನೂ ಬೇಲಿ ಹತ್ತಿರ ಹುಲ್ಲು ಕೊಯ್ಯುವವರ ಹಾಗೆ ನಿಂತಿದ್ದೆವು. ಅರ್ಧ ಗಂಟೆಯಾಯಿತು. ಏನು ಮಾತಾಡಿದರು ಎಂದು ನಾನು ಕೇಳಿಲ್ಲ. ಅಲ್ಲಿ ಹೇಳಿದ್ದನ್ನು ಅವರೂ ಗುಟ್ಟಾಗಿಡುತ್ತಾರೆ. ಅಪ್ಪ ಹೇಳಿದ್ದು ಇಷ್ಟು: ದಿನಾ ಒಂದು ಸಣ್ಣ ಕೆಲಸ ಮುಗಿಸಬೇಕು, ರಾತ್ರಿ ಮೊಬೈಲಿನಲ್ಲಿ ರೇಟು ನೋಡಬಾರದು, ಸಾಲದ ಲೆಕ್ಕ ಅಮ್ಮನ ಜೊತೆ ಕೂತು ಹಾಳೆಯ ಮೇಲೆ ಬರೆಯಬೇಕು. ಬರೆದಾಗ ಸಾಲ ಅಪ್ಪ ಅಂದುಕೊಂಡಿದ್ದಕ್ಕಿಂತ ಕಮ್ಮಿಯೇನೂ ಇರಲಿಲ್ಲ. ಆದರೆ ಅದು ಎಷ್ಟು ಎಂದು ಅಮ್ಮನಿಗೂ ಗೊತ್ತಾಯಿತು.

ಫೋನಿನಲ್ಲಿ ಎಲ್ಲವೂ ಆಗುವುದಿಲ್ಲ. ಮಾತ್ರೆ ಬೇಕೆನಿಸಿದರೆ ಆಸ್ಪತ್ರೆಗೆ ಕಳಿಸುತ್ತಾರೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ "ಮನೋಚೈತನ್ಯ" ಎಂಬ ಕಾರ್ಯಕ್ರಮವಿದೆ. ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಅಪ್ಪ ಹೋಗಿಬಂದರು. ಬಸ್ಸಿನಲ್ಲಿ ಕೇಳಿದವರಿಗೆ "ಡಾಕ್ಟರ ಹತ್ರ" ಅಂದರಂತೆ, ಅವರು ಮುಂದೆ ಏನೂ ಕೇಳಲಿಲ್ಲವಂತೆ. ಟೆಲಿ ಮನಸ್‌ಗೆ 2024ರ ಅಕ್ಟೋಬರ್ 10ರಂದು ಆ್ಯಪ್ ಕೂಡ ಬಂದಿದೆ. ಮುಖ ನೋಡಿ ಮಾತಾಡುವ ವಿಡಿಯೋ ಸೌಲಭ್ಯವನ್ನು ಮೊದಲು ಶುರು ಮಾಡಿದ ರಾಜ್ಯಗಳಲ್ಲಿ ನಮ್ಮದೂ ಒಂದು. ಅಪ್ಪನಿಗೆ ಮುಖ ಕಾಣದಿದ್ದರೇ ವಾಸಿ.

ಈಗ ಅಪ್ಪ ನಿದ್ದೆ ಮಾಡುತ್ತಾರೆ. ಕೆಲವು ದಿನ ಮಾತಿಲ್ಲದೇ ಇರುತ್ತಾರೆ, ಆ ದಿನ ನಾವು ಹೆದರದೆ ಊಟಕ್ಕೆ ಕರೆಯುತ್ತೇವೆ. ತಮ್ಮನ ಹೊಟ್ಟೆನೋವು ಹೋಗಿದೆ, ಗಣಿತದ ಟೆಸ್ಟ್ ಇದ್ದ ದಿನ ಮಾತ್ರ ಬರುತ್ತದೆ. ಅದು ಕಳ್ಳಾಟವೇ.

ನಮ್ಮಂಥ ಮಕ್ಕಳಿಗೆ ತೊಂದರೆಯಾದರೆ 1098 ಮಕ್ಕಳ ಸಹಾಯವಾಣಿ ಇದೆ. ಜೀವಕ್ಕೆ ಅಪಾಯ ಅನ್ನಿಸಿದರೆ 112. ನೆನಪಿಡಲು ಕಷ್ಟವಾದರೆ ಈ ಹಾಳೆಯಿಂದ ಬರೆದುಕೊಳ್ಳಿ, ದಯವಿಟ್ಟು ಹಾಳೆ ಕೀಳಬೇಡಿ. ಇನ್ನೊಂದು ಮಾತು. ನಮ್ಮೂರಲ್ಲಿ ನೀರಿನ ಟ್ಯಾಂಕಿನ ಹತ್ತಿರ ಸಿಗ್ನಲ್ ಚೆನ್ನಾಗಿದೆ, ಆದರೆ ಅಲ್ಲಿ ಯಾವಾಗಲೂ ಜನ ಇರುತ್ತಾರೆ. ತೋಟದ ಕಡೆ ಎರಡು ಕಡ್ಡಿ ಸಿಗ್ನಲ್ ಬರುತ್ತದೆ, ಅಷ್ಟು ಸಾಕು.

– ಏಳನೇ ತರಗತಿ ವಿದ್ಯಾರ್ಥಿನಿ