ಅಂತರ್ಜಾಲದ ಅಪವಾದ ಮತ್ತು ಕಾನೂನು

ಡೊಂಬಿವಲಿಯ ಮದುವೆಯಲ್ಲಿ ನಾವು ‘ಹಳಸಿದ ಸಾಂಬಾರು ಬಡಿಸಿದೆವು’ ಎಂದು ಯಾರಾದರೂ ಅಂತರ್ಜಾಲದಲ್ಲಿ ಬರೆದರೆ ಪೊಲೀಸರು ಕೂಡಲೇ ಹಿಡಿಯುತ್ತಾರೆಂದು ನಮ್ಮಲ್ಲಿ ಹಲವರ ಭಾವನೆ. ಅದಕ್ಕೆ ಕಾರಣವೂ ಹತ್ತಿರದಲ್ಲೇ ಇದೆ. 2012ರ ನವೆಂಬರಿನಲ್ಲಿ, ಆಗ ನಮ್ಮ ಠಾಣೆ ಜಿಲ್ಲೆಯಲ್ಲೇ ಇದ್ದ ಪಾಲ್ಘರ್‌ನಲ್ಲಿ, ಬಾಳ ಠಾಕ್ರೆಯವರು ತೀರಿಕೊಂಡಾಗಿನ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಯುವತಿಯನ್ನೂ ಅದಕ್ಕೆ ಲೈಕ್ ಒತ್ತಿದ ಗೆಳತಿಯನ್ನೂ ಬಂಧಿಸಲಾಗಿತ್ತು. ಆಗ ಹಾಕಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದುಪಡಿಸಿತು.

ಮಾನಹಾನಿ ಕಾನೂನು ಮಾತ್ರ ಉಳಿದಿದೆ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು. ಎರಡು ವರ್ಷದವರೆಗೆ ಸಜೆಯಾಗಬಹುದು. ಆದರೆ ಪೊಲೀಸರು ತಾವಾಗಿ ಬಂಧಿಸುವಂತಿಲ್ಲ, ನಾವೇ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬೇಕು. ಪರಿಹಾರ ಕೇಳುವ ಸಿವಿಲ್ ದಾವೆಗೆ ಪ್ರಕಟವಾದ ದಿನದಿಂದ ಒಂದೇ ವರ್ಷದ ವಾಯಿದೆ. ಬಾಕಿ ಬಿಲ್ಲಿಗೆ ಸಿಗುವ ಮೂರು ವರ್ಷ ಇಲ್ಲಿಲ್ಲ!

‘ಊಟ ರುಚಿಸಲಿಲ್ಲ’ ಎಂಬುದು ಗಿರಾಕಿಯ ಅಭಿಪ್ರಾಯ, ನುಂಗಿಕೊಳ್ಳೋಣ. ‘ಹಳಸಿದ ಸಾಂಬಾರು’ ಸುಳ್ಳಾಗಿದ್ದರೆ ಮಾತು ಬೇರೆ. ಆ ಬರಹದ ಪ್ರತಿಯನ್ನು ತಾರೀಖು ಸಹಿತ ತೆಗೆದಿಟ್ಟು, ಅಂದಿನ ಆರ್ಡರ್ ಚೀಟಿ, ಸಾಮಾನಿನ ಬಿಲ್ಲುಗಳೊಂದಿಗೆ ವಕೀಲರನ್ನು ಕಾಣಬೇಕು. ಸಿಟ್ಟಿನಲ್ಲಿ ಗಿರಾಕಿಯನ್ನೇ ‘ಮೋಸಗಾರ’ ಎಂದು ಅಲ್ಲಿ ಬರೆದರೆ ಅದೇ ಕಲಮು ನಮ್ಮ ಮೇಲೂ ಬಂದೀತು.